ಹತ್ತೊಂಬತ್ತು ಎಡಗೈಗಳು

ಹದಿನಾಲ್ಕು ತಿಂಗಳ ಮೇಲೆ ತರಬೇತಿ ಕೇಂದ್ರದ ಷೆಡ್ಡಿನ ಬೀಗ ತೆಗೆದ ದಿನ ವೆಲ್ಡಿಂಗ್ ಮೇಷ್ಟ್ರಿಗೆ ಮೊದಲು ಬಂದದ್ದು ಅಳು, ಆಮೇಲೆ ಸಿಟ್ಟು. ರೋಗ ಬಂತೆಂದು ರಾತ್ರೋರಾತ್ರಿ ಮುಚ್ಚಿಸಿದ ಜಾಗ. ತಗಡು ಕಚ್ಚಿ ಹಿಡಿಯುವ ವೈಸುಗಳ ಬಾಯಿಗೆ ತುಕ್ಕು ಹಿಡಿದಿತ್ತು, ಕೇಬಲ್ಲುಗಳನ್ನು ಇಲಿ ಕಡಿದಿತ್ತು. ಮೇಲಿನ ಕಚೇರಿಯಿಂದ ಮಾತ್ರ ವಾರಕ್ಕೊಂದು ಸುತ್ತೋಲೆ ತಪ್ಪದೆ ಬಂದಿತ್ತು: ಕಲಿಕೆ ನಿಲ್ಲಬಾರದು, ಪಾಠವನ್ನು ಫೋನಿನಲ್ಲಿ ಮಾಡಿ ಕಳಿಸಿ. ಬೆಂಕಿಯ ಕೆಲಸವನ್ನು ಫೋನಿನಲ್ಲಿ ಹೇಗೆ ಕಲಿಸೋದು ಸ್ವಾಮಿ ಎಂದು ಕೇಳಿದ್ದಕ್ಕೆ ಉತ್ತರವಾಗಿ ಬಂದದ್ದೂ ಇನ್ನೊಂದು ಸುತ್ತೋಲೆಯೇ.

ಆದರೂ ಮೇಷ್ಟ್ರು ಕಲಿಸಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಕ್ಕೆ ಫೋನು ಒರಗಿಸಿ, ತಮ್ಮ ಮುಖ ತಮಗೇ ಕಾಣುವ ಹಾಗೆ ತಿರುಗಿಸಿಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಪೊರಕೆ ಕಡ್ಡಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಕ್ಲಿಪ್ಪೇ ಹೋಲ್ಡರು, ಕಡ್ಡಿಯೇ ರಾಡು, ಇನ್ನೊಂದು ಕೈಯಲ್ಲಿ ಕಿಡಿಯಿಂದ ಮುಖ ಕಾಯುವ ಶೀಲ್ಡಿನ ಬದಲು ಊಟದ ತಟ್ಟೆ. ಪಕ್ಕದಲ್ಲಿ ನಿಂತ ಹೆಂಡತಿ, "ಮೊಣಕೈ ಕಾಣ್ತಿಲ್ಲ ರೀ, ಇನ್ನೊಂದ್ಸಲ" ಎಂದು ಗದರುತ್ತಿದ್ದರು. ಆ ಕಡೆ ಹತ್ತೊಂಬತ್ತು ಮನೆಗಳಲ್ಲಿ, ಮೇಷ್ಟ್ರನ್ನು ಒಮ್ಮೆಯೂ ಎದುರಿಗೆ ಕಾಣದ ಹತ್ತೊಂಬತ್ತು ಮಕ್ಕಳು ತಂತಮ್ಮ ಪೊರಕೆ ಹಿರಿದುಕೊಂಡು ಹಾಗೇ ಮಾಡುತ್ತಿದ್ದರು.

ಅವರಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಜೀವ ತಿನ್ನುತ್ತಿದ್ದ ಹುಡುಗಿಗೆ ಮೇಷ್ಟ್ರು ಗಿಣಿ ಎಂದೇ ಹೆಸರಿಟ್ಟಿದ್ದರು. ಅವಳಮ್ಮ ಹೊಲಿಯುತ್ತಿದ್ದ ಬಟ್ಟೆ ಕಾರ್ಖಾನೆ ರೋಗದ ಮೊದಲ ತಿಂಗಳೇ ಬಾಗಿಲು ಹಾಕಿತ್ತು. ಮನೆಗಿದ್ದದ್ದು ಒಂದೇ ಫೋನು. ತಮ್ಮನ, ತಂಗಿಯ ಪಾಠ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಇವಳ ಪಾಠ. ಬಸ್ಸಿನ ಮೈ ಕಟ್ಟುವ ಕಾರ್ಖಾನೆಯವರು, ತಿಂಗಳೊಳಗೆ ಸರ್ಟಿಫಿಕೇಟ್ ತಂದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಪರೀಕ್ಷೆಗೆ ಉಳಿದದ್ದು ಆರು ದಿನ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ತುಕ್ಕು ಉಜ್ಜಿ, ಕೇಬಲ್ಲಿಗೆ ತೇಪೆ ಹಾಕಿ, ಮಕ್ಕಳನ್ನು ಷೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು, "ಹೂಂ, ಹಿಡೀರಿ ಹೋಲ್ಡರು, ನೋಡೋಣ" ಎಂದರು ಮೇಷ್ಟ್ರು.

ಹತ್ತೊಂಬತ್ತು ಜನವೂ ಹಿಡಿದರು. ಎಡಗೈಯಲ್ಲಿ.

"ಏನ್ರೋ ಇದು ತಮಾಷೆ?"

"ನೀವೇ ಅಲ್ವಾ ಸಾರ್ ತೋರ್ಸಿದ್ದು?" ಗಿಣಿ ಕಣ್ಣು ಪಿಳಿಪಿಳಿ ಬಿಟ್ಟಳು. "ಎಡಗೈಲಿ ರಾಡು, ಬಲಗೈಲಿ ತಟ್ಟೆ."

"ನಾನು ಎಡಚನೇನಮ್ಮಾ?"

ಹಿಂದಿನ ಸಾಲಿನ ಉದ್ದ ಹುಡುಗನ ಮುಖ ಬಾಡಿಹೋಯಿತು. ಹತ್ತೊಂಬತ್ತರಲ್ಲಿ ಹುಟ್ಟು ಎಡಚ ಅವನೊಬ್ಬನೇ. "ಅಲ್ವಾ ಸಾರ್? ನನ್ ಥರದೋರು ಒಬ್ರು ಮೇಷ್ಟ್ರಾಗಿದಾರೆ ಅಂತ ಮನೇಲೆಲ್ಲಾ ಹೇಳ್ಕೊಂಡ್ ಬಂದಿದ್ನಲ್ಲ ಸಾರ್."

ಮನೆಗೆ ಹೋದ ಮೇಷ್ಟ್ರು ಹೆಂಡತಿಯ ಜೊತೆ ಕೂತು ಹಳೆಯ ಪಾಠ ಹಾಕಿ ನೋಡಿದರು. ಮೊದಲು ಕಂಡದ್ದು ಹೆಂಡತಿಗೇ. "ರೀ, ನಿಮ್ಮ ಜೇಬು ನೋಡ್ರೀ. ಬಲಕ್ಕೆ ಹೋಗ್ಬಿಟ್ಟಿದೆ." ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗಿ, ಬಲ ಎಡವಾಗಿ ಚಿತ್ರ ಇಳಿದಿತ್ತು. ಹದಿನಾಲ್ಕು ತಿಂಗಳು ದಿನವೂ ನೋಡಿದ ಮುಖ. ಕೈ ಯಾವುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಮರುದಿನ ಮಕ್ಕಳು ಬಲಗೈಗೆ ಬದಲಿಸಿ ನೋಡಿದರು. ರಾಡು ತಗಡಿಗೆ ಅಂಟಿಕೊಂಡು ಕೂತಿತು, ಬೆಸುಗೆ ಎರೆಹುಳ ಹರಿದಾಡಿದ ಹಾಗೆ ಸೊಟ್ಟಗೆ ಬಂತು. ಗಿಣಿ ಮೂಗೇರಿಸುತ್ತಾ, "ಇನ್ನೈದೇ ದಿನ ಸಾರ್" ಎಂದಳು.

"ಎಡಗೈಲೇ ಹಾಕು ತಾಯಿ, ನೋಡೇಬಿಡೋಣ" ಎಂದರು ಮೇಷ್ಟ್ರು.

ಎಡಗೈಗೆ ಬಂದದ್ದೇ ತಡ, ಬೆಂಕಿ ಕಾದ ಎಣ್ಣೆಯ ಹಾಗೆ ಹದವಾಗಿ ಚುರುಗುಟ್ಟಿತು. ಮೇಲಿನ ಕರಿ ಸಿಪ್ಪೆ ತಟ್ಟಿ ತೆಗೆದರೆ ಕೆಳಗೆ ಜಡೆ ಹೆಣೆದಂಥ ಬೆಸುಗೆ. ಪೊರಕೆ ಕಡ್ಡಿಯಲ್ಲಿ ಪಳಗಿದ ಕೈ! ಮೇಷ್ಟ್ರು ಆ ಐದು ದಿನವೂ ಕೈಯ ಸುದ್ದಿಗೆ ಹೋಗಲಿಲ್ಲ.

ಪರೀಕ್ಷಕರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಅಂಕದ ಪಟ್ಟಿ ಹಿಡಿದು ಬಂದರು. ಗಿಣಿಯ ಎಡಗೈ ಕಂಡದ್ದೇ ಅವರ ಪೆನ್ನು ನಿಂತುಬಿಟ್ಟಿತು.

"ಏನ್ ಮೇಷ್ಟ್ರೇ ಇದು? ಪಟ್ಟಿಲಿ ಬಲಗೈ ಅಂತ ಸ್ಪಷ್ಟವಾಗಿದೆ. ಹಿಡಿತದಲ್ಲಿ ಸೊನ್ನೆ ಬಂದ್ರೆ ಪೂರ್ತಿ ಫೇಲು."

ಗಿಣಿ ಶೀಲ್ಡು ಕೆಳಗಿಳಿಸಿದಳು. ಮೇಷ್ಟ್ರು ಅವಳ ಮುಂದೆ ಬಂದು ನಿಂತರು.

"ನಿಮ್ಮ ಪಟ್ಟಿಲಿ ಈ ಷೆಡ್ಡಿಗೆ ಬೀಗ ಹಾಕಿದ್ದು ಎಲ್ಲಿದೆ ಸಾರ್? ಮೂರು ಮಕ್ಕಳಿಗೆ ಒಂದು ಫೋನು ಅನ್ನೋದು ಯಾವ ಕಾಲಮ್ಮಲ್ಲಿದೆ? ಪೊರಕೆ ಕಡ್ಡಿ ಹಿಡಿದು ಕಲಿತವಕ್ಕೆ ಎಷ್ಟು ಅಂಕ? ಮುಚ್ಚೋವಾಗ ಒಂದ್ ಮಾತು ಕೇಳದೋರು, ಅಳೆಯೋವಾಗ ಮಾತ್ರ ಕೂದಲು ಸೀಳ್ತೀರಲ್ಲ?"

"ನನ್ನ ಮೇಲೆ ಯಾಕ್ರೀ ಕೂಗಾಡ್ತೀರಿ? ನಿಯಮ ಬರೆದೋನು ನಾನಲ್ಲ."

"ಹಂಗಾದ್ರೆ ಬರ್ಕೊಳ್ಳಿ. ಎಡಗೈ ಕಲಿಸಿದ್ದು ನಾನು. ತಪ್ಪು ಪಾಠ ಮಾಡಿದೋನದು, ಕಲಿತೋರದಲ್ಲ. ನನಗೇನ್ ಶಿಕ್ಷೆ ಬೇಕೋ ಹಾಕಿ. ಅವಳ ಬೆಸುಗೆ ಮಾತ್ರ ಬಗ್ಗಿಸಿ ನೋಡಿ. ಬಿಟ್ಕೊಂಡ್ರೆ ಫೇಲ್ ಮಾಡಿ, ತುಟಿ ಎರಡು ಮಾಡಲ್ಲ."

ಗಿಣಿ ಬೆಸುಗೆ ಮುಗಿಸಿದ ಮೇಲೆ ಪರೀಕ್ಷಕರು ಆ ತಗಡನ್ನು ತಾವೇ ವೈಸಿಗೆ ಬಿಗಿದು, ತೋಳು ಮಡಚಿ, ಸುತ್ತಿಗೆ ಎತ್ತಿಕೊಂಡರು. ಒಂದು ಏಟು. ಎರಡು. ಗಿಣಿ ಕಣ್ಣು ಮುಚ್ಚಿಕೊಂಡಿದ್ದಳು. ತಗಡು ಬಾಗಿತು, ಇನ್ನೂ ಬಾಗಿ ಮೊಣಕೈಯಂತೆ ಮಡಚಿಕೊಂಡಿತು. ಬೆಸುಗೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಪರೀಕ್ಷಕರು ಬೆವರು ಒರೆಸಿಕೊಂಡು, ಬೆಸುಗೆಯ ಮೇಲೆ ಬೆರಳಾಡಿಸಿದರು.

"ಗಟ್ಟಿ ಕೈ" ಎಂದರು, ತಮಗೆ ತಾವೇ ಎಂಬಂತೆ. ಪಟ್ಟಿಯಲ್ಲಿ 'ಬಲಗೈ' ಎಂದಿದ್ದದ್ದರ ಪಕ್ಕ 'ಎಡಗೈ ತರಬೇತಿ, ಜವಾಬ್ದಾರಿ ಬೋಧಕರದು' ಎಂದು ಬರೆದು ಪೂರ್ತಿ ಅಂಕ ಹಾಕಿದರು. "ಮೇಷ್ಟ್ರೇ, ನಿಮಗೆ ನೋಟಿಸ್ ಬರುತ್ತೆ."

"ಬರ್ಲಿ ಬಿಡಿ ಸಾರ್. ಸುತ್ತೋಲೆಗಳಿಗೂ ಒಂದು ಜೊತೆ ಬೇಕಲ್ಲ."

ಉಳಿದ ಹದಿನೆಂಟು ಬೆಸುಗೆಗಳನ್ನೂ ಹಾಗೇ ಬಗ್ಗಿಸಿ ನೋಡಿದರು; ಎರಡು ಬಿಟ್ಟುಕೊಂಡವು. ಆ ಇಬ್ಬರನ್ನು ನೆನೆದು ಮೇಷ್ಟ್ರಿಗೆ ಅಂದು ಊಟ ಸೇರಲಿಲ್ಲ.

ನೋಟಿಸು ಬಂತು. ಅದು ಬಂದ ವಾರವೇ ಗಿಣಿಯ ಫೋನೂ ಬಂತು.

"ಸಾರ್, ಬಸ್ಸಿನ ಬಾಗಿಲ ಹತ್ರ ಒಂದು ಮೂಲೆ ಇದೆ ಸಾರ್, ಬಲಗೈಯೋರು ಮೈ ತಿರುಚ್ಕೊಂಡು ಒದ್ದಾಡ್ತಾರೆ. ಮೇಸ್ತ್ರಿ ಅದನ್ನ ನಂಗೇ ಬಿಟ್ಟಿದಾರೆ. ಅಮ್ಮಂಗೆ ಹೇಳಿದ್ರೆ ನಂಬ್ತಾನೇ ಇಲ್ಲ. ಸಾರ್, ಅಳ್ತಿದೀರಾ?"

"ಇಲ್ಲಮ್ಮಾ, ನೆಗಡಿ. ಸುಮ್ನೆ ಕೆಲಸ ನೋಡು ಹೋಗು."

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಅಡುಗೆಮನೆಗೆ ಬಂದರೆ, ಮೇಷ್ಟ್ರು ಕಟ್ಟೆಯ ಮುಂದೆ ನಿಂತಿದ್ದಾರೆ. ಬಲಗೈಯಲ್ಲಿ ತಟ್ಟೆ, ಎಡಗೈಯಲ್ಲಿ ಕ್ಲಿಪ್ಪು, ಕ್ಲಿಪ್ಪಿನ ತುದಿಯಲ್ಲಿ ಗಡಗಡ ನಡುಗುವ ಪೊರಕೆ ಕಡ್ಡಿ.

"ಏನ್ರೀ ಇದು ಹೊಸ ಅವತಾರ?"

"ಫೇಲಾದ ಆ ಇಬ್ರು ಮತ್ತೆ ಪರೀಕ್ಷೆಗೆ ಕೂರ್ಬೇಕಲ್ಲೇ. ಅವರ ಕೈಗೆ ಬಂದಿರೋದು ನನ್ನ ಕೈಗೂ ಬರ್ಬೇಕಲ್ಲ."

ಹದಿನಾಲ್ಕು ತಿಂಗಳು ಪಕ್ಕದಲ್ಲೇ ನಿಂತು ಪಾಠವನ್ನೆಲ್ಲ ಕಲಿತಿದ್ದ ಹೆಂಡತಿ ಹತ್ತಿರ ಬಂದು, ಗಂಡನ ಎಡ ಮೊಣಕೈ ಹಿಡಿದು ಪಕ್ಕೆಗೆ ಒತ್ತಿದರು.

"ಮೊದ್ಲು ಉಸಿರು ಬಿಡಿ. ಕಡ್ಡಿನ ನೂಕ್ಬೇಡಿ, ನಿಧಾನಕ್ಕೆ ಎಳ್ಕೊಂಡು ಬನ್ನಿ. ಇನ್ನೊಂದ್ಸಲ."