ಹದಿನಾಲ್ಕನೇ ಕಾಲಂ

ಹದಿನಾಲ್ಕನೇ ಕಾಲಂಗೆ ಬಂದಾಗ ಯೋಜನಾಧಿಕಾರಿಯ ಪೆನ್ನು ನಿಂತಿತು. ಮೊದಲ ಹದಿಮೂರರಲ್ಲಿ ಮಗುವಿನ ವಯಸ್ಸು, ತೂಕ, ಗಾಲಿಕುರ್ಚಿಯ ಅಗಲ, ಶಾಲೆಯ ಶೌಚಾಲಯದ ಬಾಗಿಲಿನ ಅಗಲ ಎಲ್ಲ ತುಂಬಿಯಾಗಿತ್ತು. ಅಳೆಯಲು ಅವರ ಬಳಿ ಏನೂ ಇರಲಿಲ್ಲ. ತಾಯಿ ದರ್ಜಿ, ಕೊರಳಲ್ಲಿದ್ದ ಟೇಪನ್ನು ಅವಳೇ ತೆಗೆದುಕೊಟ್ಟಿದ್ದಳು. ಬಾಗಿಲು ಕುರ್ಚಿಗಿಂತ ಎರಡು ಇಂಚು ಕಿರಿದಾಗಿತ್ತು.

"ಮುಂದಿನ ವರ್ಷಾನೂ ಸಹಾಯಕಿ ಬೇಕೇನಮ್ಮಾ?"

ಅಧಿಕಾರಿ ಲೆಕ್ಕ ಬಿಡಿಸಿ ಹೇಳಿದರು. ಈ ಭಾಗದ ಶಾಲೆಗಳಲ್ಲಿ ಇಂಥ ಮಕ್ಕಳು ಮೂವತ್ತೆಂಟು, ಸಹಾಯಕಿಯರು ಹನ್ನೊಂದು. ಮನೆಯವರೇ ಬಂದು ನೋಡಿಕೊಳ್ಳುತ್ತೇವೆ ಎಂದರೆ ಇಲ್ಲಿಯ ಸಹಾಯಕಿಯನ್ನು ಬೇರೆ ಶಾಲೆಗೆ ಹಾಕುತ್ತಾರೆ. ಮತ್ತೆ ಕೇಳಿದರೆ ಸಿಗುವ ಭರವಸೆಯಿಲ್ಲ. ಶುಕ್ರವಾರ ಯೋಜನೆ ಮೇಲಕ್ಕೆ ಹೋಗಬೇಕು.

"ಮೇಲಕ್ಕೆ ಅಂದ್ರೆ ನಿಜವಾಗ್ಲೂ ಮೇಲಕ್ಕೇ," ಎಂದರು. "ನಡೆಯೋಕಾಗದ ಮಕ್ಕಳ ಯೋಜನೆ ಮೂರನೇ ಮಹಡೀಲಿ ತಯಾರಾಗುತ್ತೆ. ಲಿಫ್ಟ್ ಇಲ್ಲ."

ನಕ್ಕವಳು ಕುರ್ಚಿಯಲ್ಲಿದ್ದ ಚಿಕ್ಕಿ ಒಬ್ಬಳೇ. ಹತ್ತು ವರ್ಷದ ಆ ಹುಡುಗಿಗೆ ಮಾತು ಬಾರದು, ಕೈಕಾಲು ಹೇಳಿದಂತೆ ಕೇಳವು. ನಗು ಮಾತ್ರ ಧಾರಾಳ. ನಕ್ಕಾಗ ಗಲ್ಲದ ಮೇಲೆ ಜೊಲ್ಲು ಇಳಿಯಿತು. ತಾಯಿ ಸೆರಗು ಎತ್ತುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಸಹಾಯಕಿಯ ಕರವಸ್ತ್ರ ಅಲ್ಲಿಗೆ ತಲುಪಿತ್ತು.

ಸಹಾಯಕಿ ಬಂದ ಎಂಟು ತಿಂಗಳಿಂದ ಹೀಗೇ ಆಗುತ್ತಿತ್ತು. ಮನೆಯಲ್ಲಿ ಉಣ್ಣಲು ಒಂದು ಗಂಟೆ ತೆಗೆದುಕೊಳ್ಳುವವಳು ಶಾಲೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಡಬ್ಬಿ ಖಾಲಿ ಮಾಡುತ್ತಿದ್ದಳು. ಬೆಳಿಗ್ಗೆ ತಾಯಿ ಹಾಕಿ ಕಳಿಸಿದ ಒಂದು ಜಡೆ ಸಂಜೆಗೆ ಎರಡಾಗಿ ಬರುತ್ತಿತ್ತು. ತಾಯಿ ಏನೂ ಅನ್ನದೆ ಅವನ್ನು ಬಿಚ್ಚಿ ಮತ್ತೆ ಒಂದೇ ಹೆಣೆಯುತ್ತಿದ್ದಳು. ಸಹಾಯಕಿ ರಟ್ಟಿನ ಮೇಲೆ ಅಕ್ಷರಗಳನ್ನು ದಪ್ಪಗೆ ಬರೆದು, ಪ್ಲಾಸ್ಟಿಕ್ ಹೊದಿಸಿ ಒಂದು ಹಲಗೆ ಮಾಡಿದ್ದಳು. ಚಿಕ್ಕಿಯ ಎಡಮುಷ್ಟಿ ನಡುಗುತ್ತ ಅದರ ಮೇಲೆ ಓಡಾಡುತ್ತಿತ್ತು. ಯಾವ ಅಕ್ಷರದ ಮೇಲೆ ನಿಂತಿತು, ಯಾವುದನ್ನು ಬರೀ ದಾಟಿತು ಎಂಬುದು ಸಹಾಯಕಿಗೆ ತಿಳಿಯುತ್ತಿತ್ತು. ಚಿಕ್ಕಿ ಲೆಕ್ಕ, ಪಾಠ ಒಪ್ಪಿಸುತ್ತಿದ್ದುದೂ ಹಾಗೆಯೇ. ಮನೆಗೂ ಅಂಥದ್ದೊಂದು ಮಾಡಿಕೊಡುತ್ತೇನೆ ಎಂದಾಗ ತಾಯಿ ಬೇಡವೆಂದಿದ್ದಳು. ಹೆತ್ತವಳಿಗೆ ಮಗಳ ಕಣ್ಣು ನೋಡಿದರೆ ಸಾಕು, ರಟ್ಟು ಬೇಕಿಲ್ಲ ಎಂದಿದ್ದಳು.

"ಬೇಡ ಸಾರ್," ಎಂದಳು ಈಗ. "ಹೊಲಿಗೆ ಮಿಷನ್ ಹಗಲು ಹೊತ್ತು ನಿಲ್ಲಿಸ್ತೀನಿ. ನಾನೇ ಬಂದು ಕೂತ್ಕೋತೀನಿ."

ಸಹಾಯಕಿ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದಳು. ಅಧಿಕಾರಿ 'ಬೇಡ' ಎಂದು ಬರೆದರು. ಹದಿನೈದನೆಯದು ಮಗುವಿನ ಅಭಿಪ್ರಾಯ. ಶಾಲೆಯಲ್ಲಿ ಏನು ಬದಲಾಗಬೇಕು ಎಂದು ಅವರು ಕೇಳಿದ್ದು ಚಿಕ್ಕಿಯನ್ನೇ; ಉತ್ತರಿಸಿದವಳು ತಾಯಿ. ಏನೂ ಬದಲಾಗುವುದು ಬೇಡ, ಕಿಟಕಿ ಪಕ್ಕದ ಜಾಗ ಒಂದು ಇದ್ದರೆ ಸಾಕು ಎಂದಳು. ನಾಲ್ಕು ವರ್ಷದಿಂದ ಪ್ರತಿ ಹೊಸ ಟೀಚರಿಗೂ ಅವಳು ಅದನ್ನೇ ಹೇಳುತ್ತ ಬಂದಿದ್ದಳು. "ಹೊರಗೆ ನೋಡೋದಂದ್ರೆ ಇವಳಿಗೆ ಪ್ರಾಣ ಸಾರ್. ಕಣ್ಣು ಕಿರಿದು ಮಾಡ್ಕೊಂಡು ನೋಡ್ತಾನೇ ಇರ್ತಾಳೆ."

ಚಿಕ್ಕಿಯ ಮುಷ್ಟಿ ಕುರ್ಚಿಯ ಕೈ ಮೇಲೆ ಬಡಿಯಿತು. ಸಹಾಯಕಿ ಹಲಗೆಯನ್ನು ಅವಳ ತೊಡೆಯ ಮೇಲಿಟ್ಟಳು. ತಾಯಿಯೂ ಬಗ್ಗಿ ನೋಡಿದಳು. ಅವಳಿಗೆ ಕಂಡದ್ದು ಎಲ್ಲೆಲ್ಲೋ ಅಲೆಯುವ ಕೈ ಅಷ್ಟೆ. ಸಹಾಯಕಿ ಒಂದೊಂದೇ ಅಕ್ಷರ ಹೇಳುತ್ತ ಹೋದಳು. ಕೂಡಿಸಲು ಮೂರು ನಿಮಿಷ ಹಿಡಿಯಿತು.

"ಕಿಟಕಿ ಬೇಡ. ಬಿಸಿಲು ಕಣ್ಣಿಗೆ ಚುಚ್ಚುತ್ತೆ."

ತಾಯಿ ಸಹಾಯಕಿಯನ್ನು ದುರುಗುಟ್ಟಿ ನೋಡಿದಳು. "ನೀನೇ ಹೇಳಿಕೊಟ್ಟಿದ್ದಾ?"

"ಇಲ್ಲ ಅಕ್ಕಾ. ಹೋದ ತಿಂಗಳೇ ಹೇಳಿದ್ಲು." ಸಹಾಯಕಿ ತಲೆ ತಗ್ಗಿಸಿದಳು. "ಅಮ್ಮಂಗೆ ಬೇಜಾರಾಗುತ್ತೆ, ಹೇಳ್ಬೇಡ ಅಂದಿದ್ಲು."

ಒಂದು ತಿಂಗಳು. ಅಷ್ಟು ದಿನವೂ ಸಂಜೆ ಜಡೆ ಬಿಚ್ಚುವಾಗ ಈ ತಲೆಯೊಳಗೆ, ತನಗೆ ತಿಳಿಯದಂತೆ, ಇವರಿಬ್ಬರ ಒಂದು ಗುಟ್ಟು ಇತ್ತು. ತಾಯಿ ಮಗಳ ಕಣ್ಣು ನೋಡಿದಳು. ಚಿಕ್ಕಿ ಅವಳನ್ನೇ ನೋಡುತ್ತಿದ್ದಳು, ಹೆದರಿದಂತೆ.

ಅಧಿಕಾರಿ ಹದಿನೈದನ್ನು ತುಂಬಿ ಹಾಳೆಯನ್ನು ಸಹಿಗೆ ತಿರುಗಿಸಿದರು. ತಾಯಿ ಪೆನ್ನು ಹಿಡಿದು, ಸಹಿ ಹಾಕದೆ ಅದನ್ನು ಹಾಳೆಯ ಮೇಲಿಟ್ಟಳು.

"ಹದಿನಾಲ್ಕು ಹೊಡೆದು ಹಾಕಿ ಸಾರ್. ಬೇಕು ಅಂತ ಬರೀರಿ."

ತಿದ್ದಿದರೆ ಕಾರಣ ಬರೆಯಬೇಕಾಗುತ್ತದೆ ಎಂದರು ಅವರು.

"ಆ ರಟ್ಟು ನನಗೆ ಓದೋಕೆ ಬರಲ್ಲ ಅಂತ ಬರೀರಿ." ಹೇಳುವಾಗ ಅವಳು ಸಹಾಯಕಿಯ ಕಡೆ ತಿರುಗಲಿಲ್ಲ.

ಹೊರಗೆ ಗೇಟಿನ ಬಳಿ ಮಧ್ಯಾಹ್ನದ ಬಿಸಿಲಿತ್ತು. ಕರೆಸಿದ ಆಟೊ ಇನ್ನೂ ಬಂದಿರಲಿಲ್ಲ. ಸಹಾಯಕಿ ಹಿಂದಿನಿಂದ ಓಡಿಬಂದು ತನ್ನ ಕೊಡೆ ಬಿಚ್ಚಿ ಚಾಚಿದಳು.

"ಇಟ್ಕೊಳ್ಳಿ ಅಕ್ಕಾ. ನಾಳೆ ಕೊಡಿ."

"ಬೇಡ," ಎಂದಳು ತಾಯಿ.

ಸಹಾಯಕಿ ಅತ್ತ ಹೋಗುವವರೆಗೆ ಕಾದು, ಕುರ್ಚಿಯ ಬ್ರೇಕು ಹಾಕಿದಳು. ಆಮೇಲೆ ಮಗಳ ಮುಂದೆ ಬಂದು ಒಂದು ಹೆಜ್ಜೆ ಎಡಕ್ಕೆ, ಮತ್ತೆ ಅರ್ಧ ಹೆಜ್ಜೆ ಬಲಕ್ಕೆ ಸರಿದು, ತನ್ನ ನೆರಳು ಅವಳ ಮುಖದ ಮೇಲೆ ಬೀಳುವಂತೆ ನಿಂತಳು. ಚಿಕ್ಕಿಯ ಕಣ್ಣು ಅಗಲವಾಗಿ ತೆರೆಯಿತು. ಆಟೊ ಬರುವವರೆಗೂ ತಾಯಿ ಅಲ್ಲಿಂದ ಕದಲಲಿಲ್ಲ.