ಲೇಯಮ್ಮನ ದ್ರಾಕ್ಷಿ ರಸ

ಶಿರಾದಿಂದ ಹುಲಿಕುಂಟೆಗೆ ಹೋಗುವ ದಾರಿಯಲ್ಲಿದ್ದ ನಮ್ಮ ಚಿಕ್ಕ ಸಭೆಗೆ ಸ್ವಂತ ಪಾದ್ರಿ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ತುಮಕೂರಿನಿಂದ ಅಯ್ಯನವರು ಬರುತ್ತಿದ್ದರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ಕರ್ತನ ಭೋಜನ ನಡೆಯುತ್ತಿದ್ದುದು ಅಂದು ಮಾತ್ರ. ಅದಕ್ಕೆ ಬೇಕಾದ ದ್ರಾಕ್ಷಿ ರಸ ಮಾಡುವ ಕೆಲಸ ಲೇಯಮ್ಮನದು. ಒಣದ್ರಾಕ್ಷಿ ತೊಳೆದು, ನೆನೆಹಾಕಿ, ಹಿಸುಕಿ, ಬಿಳಿ ಬಟ್ಟೆಯಲ್ಲಿ ಸೋಸಿ, ಸೀಸೆಯನ್ನು ಸೆರಗಿನಡಿ ಇಟ್ಟುಕೊಂಡು ಬರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಸಭೆಯಲ್ಲಿ ಅವಳಿಗೆ ಉಳಿದಿದ್ದ ಗೌರವವೆಂದರೆ ಆ ಸೀಸೆಯೊಂದೇ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ರಸ ಹುಳಿ ಬಂದಿತ್ತು. ದೀಕ್ಷಾಸ್ನಾನವಾದಂದಿನಿಂದ ಹೆಂಡ ಬಿಟ್ಟಿದ್ದ ಅಡವಯ್ಯ ಬಟ್ಟಲನ್ನು ತುಟಿಯ ಹತ್ತಿರ ತಂದವನು ಹಾಗೇ ಕೆಳಗಿಟ್ಟು ಎದ್ದು ಹೊರಗೆ ಹೋದ. ಹಿಂದೆ ಕುಳಿತಿದ್ದ ದೀನಮ್ಮ ಒಂದು ಗುಟುಕು ಕುಡಿದಳು. ಅವಳು ಪ್ರೈಮರಿ ಶಾಲೆಯ ಟೀಚರು, ಎತ್ತರದ ದನಿ.

"ಇದು ದ್ರಾಕ್ಷಿ ರಸ ಅಲ್ಲ, ಹೆಂಡ" ಎಂದಳು, ಎಲ್ಲರಿಗೂ ಕೇಳುವಂತೆ.

ಹಿಂದಿನ ಸಾಲಿನ ಹೆಂಗಸರು ಕಿಸಕ್ಕನೆ ನಕ್ಕರು. ಮರುದಿನವೇ ಲೇಯಮ್ಮ ಪಾವಗಡದ ಮಗಳ ಮನೆಗೆ ಹೊರಟುಹೋದಳು.

ಮುಂದಿನ ಸಲ ರಸ ಮಾಡಿದವಳು ದೀನಮ್ಮ. ಅವಳು ದ್ರಾಕ್ಷಿಯನ್ನು ಕುದಿಸಿ, ಆರಿಸಿ, ತಪ್ಪೇ ಇಲ್ಲದಂತೆ ತಂದಿದ್ದಳು. ಅಯ್ಯನವರು ಲೇಯಮ್ಮ ಎಲ್ಲಿ ಎಂದು ಕೇಳಿ, ಅವಳು ಊರು ಬಿಟ್ಟದ್ದನ್ನು ತಿಳಿದು, ದೀನಮ್ಮನನ್ನು ಪಕ್ಕಕ್ಕೆ ಕರೆದರು.

"ನೀನು ಹೋಗಿ ಆಕೆಯ ಹತ್ತಿರ ಸಮಾಧಾನ ಮಾಡಿಕೊಳ್ಳಬೇಕಮ್ಮ."

"ರಸ ಕೆಡಿಸಿದ್ದು ಆಕೆ ಅಯ್ಯನೋರೆ. ಕ್ಷಮೆ ನಾನು ಕೇಳ್ಬೇಕಾ?"

"ಯಾರು ಕೆಡಿಸಿದರು ಅಂತ ಕರ್ತನು ಕೇಳಲಿಲ್ಲವಲ್ಲ. ನಿನ್ನ ಮೇಲೆ ಒಬ್ಬರ ಮನಸ್ಸಿನಲ್ಲಿ ನೋವಿದ್ದರೆ ಮೊದಲು ಹೋಗಿ ರಾಜಿಯಾಗು, ದೇವರ ಮುಂದೆ ಬರುವುದು ಆಮೇಲೆ ಎಂದ. ಹೇಳಿದ್ದು ನಾನಾಗಿದ್ದರೆ ಬಿಟ್ಟುಬಿಡಬಹುದಿತ್ತು."

ಆ ಮಾತು ಕೇಳಿದ ಮೇಲೆ ತಾನೇ ಮಾಡಿದ ರಸವನ್ನು ಮುಟ್ಟಲು ಅವಳ ಕೈಗೆ ಆಗಲಿಲ್ಲ. ಬಟ್ಟಲು ಮುಂದಿನವರಿಗೆ ಹೋಯಿತು. ಅಯ್ಯನವರ ಮೇಲೆ ಬಂದ ಸಿಟ್ಟು ಮನೆ ಮುಟ್ಟುವಷ್ಟರಲ್ಲಿ ದೇವರ ಮೇಲೆ ತಿರುಗಿತ್ತು. ಹೋಗದಿದ್ದರೆ ಮುಂದೆಯೂ ಭೋಜನವಿಲ್ಲ. ಹೋದರೆ ತಾನು ಕಂಡದ್ದು ಸುಳ್ಳೆಂದು ಒಪ್ಪಿಕೊಂಡ ಹಾಗೆ.

ಆದರೂ ಒಂದು ಶನಿವಾರ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಪಾವಗಡಕ್ಕೆ ಹೋದಳು. ಬಿಸಿಲಿಗೆ ತಲೆ ತಿರುಗುತ್ತಿತ್ತು. ಲೇಯಮ್ಮನ ಮಗಳು ರೂತಮ್ಮ ಬಾಗಿಲು ತೆರೆದಳು. ದೀನಮ್ಮ ಬಂದ ಕಾರಣ ಹೇಳುವ ಮೊದಲೇ ಒಳಗಿನಿಂದ ಲೇಯಮ್ಮನ ದನಿ ಬಂತು.

"ಟೀಚರಮ್ಮನಾ? ನಾನು ಇಲ್ಲ ಅಂತ ಹೇಳ್ಬುಡು."

ರೂತಮ್ಮನ ಮುಖ ಕೆಂಪಾಯಿತು. "ಇಲ್ಲ ಅಂತೆ ಅಕ್ಕ" ಎಂದು ತಲೆ ತಗ್ಗಿಸಿದಳು. ಆಮೇಲೆ ಒಂದು ಚೊಂಬು ಮಜ್ಜಿಗೆ ತಂದು, ದೀನಮ್ಮ ಕುಡಿದು ಮುಗಿಸುವವರೆಗೆ ಅವಳಿಗೆ ಬಿಸಿಲು ತಾಗದಂತೆ ಅಡ್ಡ ನಿಂತಿದ್ದಳು.

ಬಸ್ಸಿನಲ್ಲಿ ದೀನಮ್ಮ ಪ್ರಾರ್ಥಿಸಲಿಲ್ಲ, ಜಗಳವಾಡಿದಳು. ಹೋಗು ಅಂದೆ, ಹೋದೆ. ಇನ್ನೇನು ಬೇಕು? ಆದರೂ ಕೆಲಸ ಅರ್ಧಕ್ಕೇ ನಿಂತಿದೆ ಎಂಬುದು ಕಾಲಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ದಸರಾ ರಜೆಯಲ್ಲಿ ಮತ್ತೆ ಹೋದಳು.

ಈ ಸಲ ಲೇಯಮ್ಮ ಜಗಲಿಯ ಮೇಲೆಯೇ ಕಡಲೆಕಾಯಿ ಸುಲಿಯುತ್ತಿದ್ದಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ದೊಡ್ಡಮ್ಮ, ಆವತ್ತು ಎಲ್ಲರ ಮುಂದೆ ಹಂಗನ್ನಬಾರದಾಗಿತ್ತು. ಕ್ಷಮಿಸಿ."

"ಸುಳ್ಳು ಹೇಳಿದ್ಯಾ ನೀನು?"

"ಇಲ್ಲ."

"ಮತ್ತೆ ಯಾಕೆ ಕ್ಷಮೆ? ಅಯ್ಯನೋರು ಕಳಿಸಿದ್ರಾ?"

ದೀನಮ್ಮ ಚೀಲವನ್ನು ಜಗಲಿಯ ಮೇಲಿಟ್ಟಳು. "ಅವರೂ ಹೇಳಿದ್ರು. ಆದ್ರೆ ಅವರ ಮಾತಿಗೆ ಬಂದಿಲ್ಲ. ದೇವರ ಮಾತು ಮೀರಿ ಕರ್ತನ ಊಟಕ್ಕೆ ಕೂರೋಕೆ ಆಗ್ತಿಲ್ಲ ನನಗೆ."

ಲೇಯಮ್ಮ ಕಡಲೆಕಾಯಿ ಸುಲಿಯುತ್ತಲೇ ಇದ್ದಳು.

"ಈಗ ರಸ ಯಾರು ಮಾಡ್ತಾರೆ?"

"ನಾನು."

"ಅಂಗೆ ಹೇಳು ಮತ್ತೆ. ಕ್ಷಮೆ ನನಗೆ, ಸೀಸೆ ನಿನಗೆ."

ಆ ಮಾತು ದೀನಮ್ಮನಿಗೆ ಚುರುಕ್ಕೆಂದಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದುಬಿಡಬಹುದಿತ್ತು. ಬರಬೇಕೆಂದೇ ಚೀಲ ಎತ್ತಿಕೊಂಡಳು. ಆಮೇಲೆ ಚೀಲವನ್ನು ಕೆಳಗಿಟ್ಟು, "ಮುಂದಿನ ಸಲ ನೀವೇ ಮಾಡಿ ದೊಡ್ಡಮ್ಮ. ನಾನು ಮಾಡಲ್ಲ" ಎಂದಳು. ಮಾತಿನಲ್ಲಿ ಪ್ರೀತಿಯೇನೂ ಇರಲಿಲ್ಲ.

ಲೇಯಮ್ಮ ಮಡಿಲಿನ ಸಿಪ್ಪೆ ಕೊಡವಿದಳು. "ನನಗೆ ಈಗ ವಾಸನೆ ಗೊತ್ತಾಗಲ್ಲ ಕಣಮ್ಮ. ಆವತ್ತೂ ಗೊತ್ತಾಗಲಿಲ್ಲ. ಹುಳಿ ಬಂದದೆ ಅಂತ ಗೊತ್ತಿದ್ರೆ ತರ್ತಿದ್ನಾ? ಮೂಗು ಸತ್ತೋಗದೆ ಅಂದ್ರೆ ಆ ಕೆಲಸಾನೂ ಹೋಗ್ತದೆ ಅಂತ ಯಾರಿಗೂ ಹೇಳಲಿಲ್ಲ."

ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕ್ಷಮಿಸಿದೆ ಎಂಬ ಮಾತೂ ಬರಲಿಲ್ಲ. ಒಂದು ಮುಷ್ಟಿ ಕಡಲೆಬೀಜವನ್ನು ದೀನಮ್ಮನ ಸೆರಗಿಗೆ ಸುರಿದು ಒಳಗೆ ಹೋದಳು.

ಅಯ್ಯನವರು ಬರುವ ಹಿಂದಿನ ದಿನ ಪಕ್ಕದ ಮನೆಯ ಹೊನ್ನಕ್ಕ, "ಮುದುಕಿ ಬರದೇ ಹೋದ್ರೆ? ಇರಲಿ ಅಂತ ನೀನೂ ಒಂದು ಸೀಸೆ ಮಾಡಿಟ್ಟಿರು ಕಣೇ" ಎಂದಳು. ಬುದ್ಧಿವಂತಿಕೆಯ ಮಾತೇ. ದೀನಮ್ಮ ದ್ರಾಕ್ಷಿಯನ್ನು ಬಟ್ಟಲಿಗೂ ಹಾಕಿದಳು. ಆದರೆ ಮಾಡಲ್ಲ ಎಂದು ಮಾತು ಕೊಟ್ಟಾಗಿತ್ತು. ಅದನ್ನು ನೀರಿಗೆ ಹಾಕದೆ ಹೊನ್ನಕ್ಕನ ಮೊಮ್ಮಕ್ಕಳ ಕೈಗೆ ಹಂಚಿಬಿಟ್ಟಳು. ಮನಸ್ಸೇನೂ ಹಗುರಾಗಲಿಲ್ಲ. ವಿಧೇಯತೆ ಎಂದರೆ ಇಷ್ಟು ಪೆಚ್ಚಾಗಿರುತ್ತದೆಂದು ಸಭೆಯ ಯಾವ ಬೋಧನೆಯಲ್ಲೂ ಯಾರೂ ಹೇಳಿರಲಿಲ್ಲ.

ಭಾನುವಾರ ಆರಾಧನೆ ಅರ್ಧ ಮುಗಿಯಿತು. ಮೇಜಿನ ಮೇಲೆ ರೊಟ್ಟಿ ಇತ್ತು, ಬಟ್ಟಲು ಬರಿದಾಗಿತ್ತು. "ಟೀಚರಮ್ಮನ ಹಟದಿಂದ ಈ ಸಲ ಭೋಜನ ಇಲ್ಲ ಬುಡು" ಎಂದು ಯಾರೋ ಗೊಣಗಿದರು. ದೀನಮ್ಮ ನೆಲ ನೋಡುತ್ತ ಕುಳಿತಳು. ಅಯ್ಯನವರು ಅವಳತ್ತ ನೋಡದೆ, ಉದ್ದದ ಕೀರ್ತನೆಯೊಂದನ್ನು ಆರಿಸಿ ನಿಧಾನವಾಗಿ ಹಾಡಿಸತೊಡಗಿದರು.

ಮೂರನೆಯ ಚರಣ ನಡೆಯುತ್ತಿರುವಾಗ ಲೇಯಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಯಾರ ಮುಖವನ್ನೂ ನೋಡದೆ ನೇರವಾಗಿ ದೀನಮ್ಮನ ಪಕ್ಕಕ್ಕೆ ಬಂದು ಕುಳಿತು, ಸೀಸೆಯ ಬಿರಡೆ ತೆಗೆದು ಅವಳ ಮೂಗಿನ ಹತ್ತಿರ ಹಿಡಿದಳು.

"ನೋಡಿ ಹೇಳು. ಈ ಸಲ ಮೆಲ್ಲಗೆ ಹೇಳು."

ದೀನಮ್ಮ ಮೂಸಿದಳು. ಬಸ್ಸಿನ ಸೆಕೆಗೆ ರಸ ಮತ್ತೆ ಹುಳಿಗೆ ತಿರುಗಲು ಶುರುವಾಗಿತ್ತು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಮುದುಕಿಯ ಕಿವಿಗೆ ಬಾಯಿಟ್ಟು ಹೇಳಿದಳು.

"ಹಾಳಾಗ್ ಹೋಗ್ಲಿ" ಎಂದಳು ಲೇಯಮ್ಮ. "ಅದೇನೋ ಕುದಿಸಿ ಮಾಡ್ತೀಯಂತಲ್ಲ ನೀನು? ನಡಿ, ಚೀಲದಲ್ಲಿ ಇನ್ನೊಂದು ಹಿಡಿ ದ್ರಾಕ್ಷಿ ಅದೆ, ಎಲ್ಲಾದ್ರೂ ಒಲೆ ಹಚ್ಚು. ಅಯ್ಯನೋರು ಇನ್ನೊಂದು ಹಾಡು ಹಾಡ್ಸಲಿ."