ಮಹಾಪ್ರಾಣದ ಸೈಲೆನ್ಸರ್

ಸೈಲೆನ್ಸರ್ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಒಂದು ಬೆಳಗ್ಗೆ ನಮ್ಮ ಅಂಗಡಿಯ ಮುಂದೆ ನಿಂತಿದ್ದರೆ ತನ್ನ ಹೆಸರನ್ನು ವಾಪಸ್ ತೆಗೆದುಕೊಂಡು ಹೋಗುತ್ತಿದ್ದ. ಇಪ್ಪತ್ತಾರು ವರ್ಷದಿಂದ ಮೋಟರ್ ಸೈಕಲ್ಲುಗಳಿಗೆ ಸೈಲೆನ್ಸರ್ ಮಾಡಿ ಕೂರಿಸುತ್ತಿದ್ದೇನೆ. ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನಕ್ಕೆ ಸದ್ದು ಹೆಚ್ಚಾಗಬೇಕು. ಒಬ್ಬನಿಗೆ ಸದ್ದು ಬೇರೆಯಾಗಬೇಕು. ಉಳಿದ ಒಬ್ಬ ದಾರಿ ಕೇಳಲು ಬಂದವನು.

ಒಬ್ಬೊಬ್ಬರದು ಒಂದೊಂದು ರುಚಿ. ಕ್ಷೌರದಂಗಡಿಯವನಿಗೆ ಎಂಜಿನ್ನು ಬಿಟ್ಟು ಬಿಟ್ಟು ಬಡಿಯಬೇಕು, ಎರಡು ಬಡಿತದ ನಡುವೆ ಒಂದು ಮಾತು ಆಡುವಷ್ಟು ಜಾಗವಿರಬೇಕು. ಬೇಕರಿಯವನಿಗೆ ಒಂದೇ ಉಸಿರಿನಲ್ಲಿ ಏರುತ್ತಾ ಹೋಗಿ ಕೊನೆಗೆ ಕಿರುಚಬೇಕು. ಗ್ರಂಥಾಲಯದಲ್ಲಿ ದಿನವಿಡೀ ಬೇರೆಯವರ ಬಾಯಿ ಮುಚ್ಚಿಸುವವನೊಬ್ಬನಿದ್ದಾನೆ; ಊರಿಗೆಲ್ಲ ದೊಡ್ಡ ಸದ್ದು ಅವನದೇ. ಈ ಮೂವರೂ ಒಮ್ಮೆ ನಮ್ಮ ಬೆಂಚಿನ ಮೇಲೆ ಕೂತು ಯಾವ ಸದ್ದು ಚೆಂದ ಎಂದು ವಾದಕ್ಕಿಳಿದರು. ಮಾತಿನಲ್ಲಿ ತೀರ್ಮಾನವಾಗದೆ ತಮ್ಮ ತಮ್ಮ ಗಾಡಿಗಳನ್ನು ಎದುರುಬದುರು ನಿಲ್ಲಿಸಿ ಚಾಲೂ ಮಾಡಿದರು. ಗೆದ್ದವರು ಯಾರೆಂದು ಯಾರಿಗೂ ಕೇಳಿಸಲಿಲ್ಲ. ನನ್ನನ್ನು ಕೇಳಿದರೆ, ಗಾಡಿ ಹೋದದ್ದು ಗೊತ್ತಾದರೆ ಸಾಕು. ಆದರೆ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳುವುದು ನನ್ನ ಅಣ್ಣನನ್ನು.

ಅಂಗಡಿ ನಮ್ಮಿಬ್ಬರದು. ಮುಂದಿನ ಕೋಣೆ ಅಣ್ಣನದು, ಹಿಂದಿನದು ನನ್ನದು. ಗಿರಾಕಿ ತನಗೆ ಬೇಕಾದ ಸದ್ದನ್ನು ಅಣ್ಣನೆದುರು ಬಾಯಲ್ಲಿ ಮಾಡಿ ತೋರಿಸಬೇಕು. ಇದು ನಮ್ಮಪ್ಪ ಮಾಡಿಟ್ಟ ಪದ್ಧತಿ. ದೊಡ್ಡ ದೊಡ್ಡ ವಕೀಲರು ಕೆನ್ನೆ ಊದಿಸಿಕೊಂಡು ಗುಡುಗುಡು ಎನ್ನುವಾಗ ನಗಬಾರದು ಎಂಬುದೂ ಅಪ್ಪನದೇ ಪದ್ಧತಿ. ಅಣ್ಣ ಕಣ್ಣು ಮುಚ್ಚಿ ಕೇಳುತ್ತಾನೆ, ಕೇಳಿದ್ದನ್ನು ಕೇಳಿದ ಹಾಗೆಯೇ ಚೀಟಿಯಲ್ಲಿ ಬರೆದು ಗೋಡೆಯ ಕಿಂಡಿಯಿಂದ ನನ್ನ ಕಡೆ ದಾಟಿಸುತ್ತಾನೆ. ನಾನು ಚೀಟಿ ಓದಿಕೊಂಡು ಕೊಳವೆ ಕತ್ತರಿಸಿ ಬೆಸೆಯುತ್ತೇನೆ. ಡಕಾರವಿದ್ದರೆ ಸಾಮಾನ್ಯ ಕೊಳವೆ. ಢಕಾರವಿದ್ದರೆ ಒಂದು ಬೆರಳು ಹೆಚ್ಚು ಅಗಲ. ಸೊನ್ನೆ ಬಂದರೆ ಬಾಲ ಉದ್ದ. ಸಕಾರ ಬಂದರೆ ಒಳಗೆ ಗಾಜಿನ ನಾರು ಸುತ್ತಿ ಸದ್ದನ್ನು ಮೆತ್ತಗೆ ಮಾಡಬೇಕು. ಬೇರೆ ಅಂಗಡಿಗಳಲ್ಲಿ ಅಳತೆಪಟ್ಟಿ ಇರುತ್ತದೆ, ನಮ್ಮಲ್ಲಿ ಕಾಗುಣಿತ.

ಅಣ್ಣನಿಗೆ ಮಹಾಪ್ರಾಣವೆಂದರೆ ಪ್ರಾಣ. ಮಾತಿನಲ್ಲಿ ಮಹಾಪ್ರಾಣ ಹೊರಡದವನಿಗೂ ಕೊಳವೆಯಲ್ಲಿ ಅದು ಹೊರಡಬೇಕು ಎಂಬುದು ಅವನ ಸಿದ್ಧಾಂತ. ನನಗೆ ಆ ಗದ್ದಲ ಕಂಡರಾಗದು. ಭಾಷೆ ಕಲಿಸುವ ಮೇಷ್ಟ್ರೊಬ್ಬರು, ಅವರೂ ನಮ್ಮ ಗಿರಾಕಿಯೇ, ಅಣ್ಣನಿಗೆ ಮಹಾಪ್ರಾಣ ಎಂದೂ ನನಗೆ ಅಲ್ಪಪ್ರಾಣ ಎಂದೂ ಹೆಸರಿಟ್ಟರು. ತೊಂಬತ್ತು ಕಿಲೋ ತೂಗುವ ನನಗೆ ಆ ಹೆಸರು ಅಂಟಿಕೊಂಡು ಇಂದಿಗೂ ಬಿಟ್ಟಿಲ್ಲ.

ಈಚೀಚೆಗೆ ಅಣ್ಣನ ಚೀಟಿಗಳು ಮಿತಿ ಮೀರಿದ್ದವು. ಯಾವ ಚೀಟಿ ನೋಡಿದರೂ ಅಕ್ಷರಗಳ ಹೊಟ್ಟೆಗೆಲ್ಲ ಸೀಳು. ನಾನು ಗೊಣಗುತ್ತಾ ಅಗಲದ ಕೊಳವೆಗಳನ್ನೇ ಬೆಸೆಯುತ್ತಿದ್ದೆ. ಹೀಗಿರುವಾಗ ಪಶುವೈದ್ಯೆಯ ಗಾಡಿ ಬಂತು. ಅವರ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಅಣ್ಣನಿಗೆ ಸದ್ದು ಹೇಳಿ, ಗಾಡಿ ಬಿಟ್ಟು ಹೋದರು. ಕಿಂಡಿಯಲ್ಲಿ ಬಂದ ಚೀಟಿಯಲ್ಲಿ 'ಢುಯ್‌ಢುಯ್' ಎಂದಿತ್ತು. ಢುಯ್ ಎಂದರೆ ಢುಯ್, ನನಗೇನು, ಮಾಡಿಟ್ಟೆ. ಸಂಜೆ ಅವರ ಗಂಡ ಬಂದು ತೆಗೆದುಕೊಂಡು ಹೋದರು. ಅವರಿಗೆ ಸದ್ದು ಬಹಳ ಹಿಡಿಸಿತು.

ಮರುದಿನ ಬೆಳಗ್ಗೆ ವೈದ್ಯೆಗೆ ಒಂದು ತುರ್ತು ಕರೆ, ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿತ್ತು. ಬೇರೆ ಗಾಡಿ ಹುಡುಕಲು ಹೊತ್ತಿಲ್ಲದೆ ಇದರಲ್ಲೇ ಹೋದರು. ಕೊಟ್ಟಿಗೆಯ ಮುಂದೆ ಗಾಡಿ ನಿಲ್ಲುವಷ್ಟರಲ್ಲಿ ಹಸು ಗೂಟ ಕಿತ್ತುಕೊಂಡು ಬೇಲಿ ಮುರಿದು ಹೋಗಿ ಕೆರೆಯಲ್ಲಿ ಎದೆಮಟ್ಟ ನಿಂತಿತ್ತು. ಹೆರಿಗೆ ಅಲ್ಲೇ ಆಯಿತು. ಕರು ಬದುಕಿದೆ. ವೈದ್ಯೆ ಒದ್ದೆ ಬಟ್ಟೆಯಲ್ಲೇ ನೇರವಾಗಿ ಅಂಗಡಿಗೆ ಬಂದು, ತಾನು ಕೇಳಿದ್ದು ಸುಯ್ ಎಂಬ ಸದ್ದು, ದನ ಬೆದರುತ್ತವೆ ಎಂದು ಬಿಡಿಸಿ ಬಿಡಿಸಿ ಮೂರು ಸಲ ಹೇಳಿದ್ದೆ ಎಂದರು. ಧ್ವನಿ ಏರಿಸಲಿಲ್ಲ. ಅವರ ತೋಳಿನಿಂದ ನೀರು ನಮ್ಮ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನೀವು ಢುಯ್ ಅಂದ್ರಿ" ಎಂದ ಅಣ್ಣ. "ಮೂವತ್ತು ವರ್ಷದಲ್ಲಿ ಈ ಕಿವಿ ಒಂದಕ್ಷರ ತಪ್ಪಿಲ್ಲ."

ನನಗೆ ಮೈಯೆಲ್ಲ ಉರಿದು ಹೋಯಿತು. ಅವರು ಗಾಡಿ ಬಿಟ್ಟು ಹೋದ ಮೇಲೆ ಅಣ್ಣನ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೇಕೆಂದೇ ಬರೆಯುತ್ತೀಯ, ನಿನ್ನ ರುಚಿಯನ್ನು ಊರಿನ ಮೇಲೆಲ್ಲ ಹೇರುತ್ತೀಯ, ಹೆಂಗಸೊಬ್ಬಳು ಮೆಲ್ಲಗೆ ಗಾಡಿ ಓಡಿಸಿದರೆ ನಿನ್ನ ಗಂಟೇನು ಹೋಗುತ್ತದೆ ಎಂದೆಲ್ಲ ಕೇಳಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತಾ ಎಲ್ಲ ಕೇಳಿಸಿಕೊಂಡು, ಆಯಿತಾ, ಹೋಗಿ ಕೆಲಸ ನೋಡು ಎಂದ. ಸರಿ, ನಾನೂ ಹಠಕ್ಕೆ ಬಿದ್ದೆ. ನನಗೆ ಗೊತ್ತಿರುವ ವಿದ್ಯೆಯನ್ನೆಲ್ಲ ಸುರಿದು ಆ ಗಾಡಿಗೆ ಹೊಸ ಸೈಲೆನ್ಸರ್ ಮಾಡಿದೆ. ಗಾಡಿ ಚಾಲೂ ಇದ್ದಾಗ ಟ್ಯಾಂಕಿನ ಮೇಲೆ ನೊಣ ಹಾರಿದರೆ ಅದರ ಗುಂಯ್ ಕೇಳಬೇಕು, ಅಷ್ಟು ಮೆತ್ತಗೆ.

ಮಾಡಿದ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ ನೋಡುವುದು ಅಣ್ಣನ ಹಕ್ಕು. ಅದನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಆ ದಿನವೂ ಓಡಿಸಿಕೊಂಡು ಬಂದು, ಗಾಡಿ ನಿಲ್ಲಿಸಿ, ಕೈ ತೊಳೆಯಲು ಹಿಂದೆ ಹೋದ. ಅಷ್ಟರಲ್ಲಿ ಒಂದು ಹಾಲಿನ ಲಾರಿ ಬಂದು ಬಾಗಿಲಿಗೇ ನಿಂತಿತು. ಇಳಿದ ಡ್ರೈವರಿಗೆ ಮುಖದಲ್ಲಿ ರಕ್ತವಿರಲಿಲ್ಲ.

"ಸೇತುವೆಯಿಂದ ತಿರುವಿನ ತನಕ ಹಾರ್ನ್ ಹೊಡೆದಿದೀನಿ. ಆ ಮನುಷ್ಯ ಒಂದು ಚೂರೂ ಸರೀಲಿಲ್ಲ" ಎಂದ. "ಇವತ್ತು ಬ್ರೇಕ್ ಹಿಡೀತು. ನಾಳೆ ಹಿಡಿಯುತ್ತೆ ಅಂತ ನಾನು ಹೇಳಲ್ಲ."

ಅಣ್ಣನನ್ನು ಕೇಳಿದರೆ, ಕೈ ಒರೆಸಿಕೊಳ್ಳುತ್ತಾ, ಸದ್ದಿನ ಗಾಡಿ ಓಡಿಸುವಾಗ ಹಾರ್ನ್ ಯಾವನಿಗೆ ಕೇಳುತ್ತದೆ ಎಂದ. ಅವನು ಓಡಿಸಿ ತಂದದ್ದು ಪಶುವೈದ್ಯೆಯ ಗಾಡಿ.

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಳೆಯ ಚೀಟಿಗಳನ್ನೆಲ್ಲ ನಾನು ಒಂದು ಕಂಬಿಗೆ ಚುಚ್ಚಿಡುತ್ತೇನೆ. ಅವನ್ನು ಮೇಲಿಂದ ಒಂದೊಂದಾಗಿ ಬಿಚ್ಚಿ ನೋಡುತ್ತಾ ಹೋದೆ. ಈ ವರ್ಷದ ಒಂದು ಚೀಟಿಯಲ್ಲೂ ಸಕಾರವಿಲ್ಲ. ಕಳೆದ ವರ್ಷದ ಚೀಟಿಗಳಲ್ಲಿ ಒಂದೇ ಒಂದು, ಅದೂ ಹೊಡೆದು ಹಾಕಿ ಮೇಲೆ ಗಕಾರ ಬರೆದದ್ದು. ಶಕಾರ ಅದಕ್ಕೂ ಮುಂಚೆಯೇ ನಿಂತು ಹೋಗಿತ್ತು. ತಕಾರಗಳು ನಿಧಾನವಾಗಿ ದಕಾರಗಳಾಗಿದ್ದವು, ದಕಾರಗಳು ಧಕಾರಗಳು. ಇಷ್ಟು ದೊಡ್ಡ ಊರಿನಲ್ಲಿ ಒಂದೂವರೆ ವರ್ಷ ಒಬ್ಬನೂ ಸ ಎನ್ನಲಿಲ್ಲವೇ? ಅಂದಿದ್ದರು. ಅಣ್ಣ ಬೇಕೆಂದು ಬರೆದದ್ದಲ್ಲ, ಅವನಿಗೆ ಕೇಳಿಸಿದ್ದೇ ಅಷ್ಟು. ಪ್ರತಿಯೊಂದು ಚೀಟಿಯನ್ನೂ ಈ ಕಣ್ಣಿನಲ್ಲೇ ಓದಿದ್ದೆ, ಓದಿ ಬೈದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ. ಅಣ್ಣ ಟೀ ಕುಡಿಯುತ್ತಾ ಕೂತಿದ್ದಾಗ ಅವನ ಕುರ್ಚಿಯ ಹಿಂದೆ ಹೋಗಿ ನಿಂತು, ಅವನು ಹತ್ತು ವರ್ಷದವನಾಗುವ ತನಕ ಹಾಸಿಗೆ ಒದ್ದೆ ಮಾಡುತ್ತಿದ್ದ ಎಂದು ಸ್ಪಷ್ಟವಾಗಿ ಹೇಳಿದೆ. ಹಿಂದೊಮ್ಮೆ ಇದೇ ಮಾತಿಗೆ ಸ್ಪ್ಯಾನರ್ ಹಿಡಿದು ನನ್ನನ್ನು ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಬಂದಿದ್ದ. ಈಗ ಟೀ ಊದಿಕೊಂಡು ಕುಡಿದ.

ಅತ್ತಿಗೆಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ಏನಾದರೂ ಹೇಳಬೇಕಾದರೆ ಎದುರಿಗೆ ಹೋಗಿ ನಿಲ್ಲುತ್ತೇನೆ ಎಂದರು. ಒಮ್ಮೆ ಕಿವಿ ಡಾಕ್ಟರ ಸುದ್ದಿ ಎತ್ತಿದ್ದಕ್ಕೆ ಅಣ್ಣ ಎರಡು ದಿನ ಊಟ ಬಿಟ್ಟನಂತೆ.

"ಕಿವಿ ಹೋಯ್ತು ಅಂತ ಗೊತ್ತಾದ್ರೆ ಅವರ ಹತ್ರ ಇನ್ನೇನು ಉಳಿಯುತ್ತೆ ಹೇಳು" ಎಂದರು.

ನಾನು ಹಾಲಿನ ಲಾರಿಯ ವಿಷಯ ಹೇಳಿದೆ. ಅತ್ತಿಗೆ ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೇ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ, ಹಾಗಾದರೆ ಏನಾದರೂ ಸುಳ್ಳು ಹೇಳಿ ಕರೆದುಕೊಂಡು ಹೋಗು ಎಂದರು.

ಸುಳ್ಳು ಸುಲಭವಾಗಿತ್ತು. ಅಣ್ಣನ ಎದುರಿಗೆ ನಿಂತು, ನನ್ನ ಕಿವಿ ಯಾಕೋ ಸರಿಯಿಲ್ಲ, ಪರೀಕ್ಷೆಗೆ ಒಬ್ಬನೇ ಹೋಗಲು ಹೆದರಿಕೆ ಎಂದು ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. ಅಣ್ಣನ ಮುಖ ಅರಳಿತು. ಅಲ್ಪಪ್ರಾಣಕ್ಕೆ ಅಲ್ಪ ಕಿವಿ ಎಂದು ನಕ್ಕ, ತಾನೇ ಗಾಡಿ ತೆಗೆದ. ನಾನು ಹಿಂದೆ ಕೂತೆ. ಆಸ್ಪತ್ರೆಯವರೆಗೂ ಕತ್ತು ತಿರುಗಿಸಿಕೊಂಡೇ ಇದ್ದೆ. ಹಿಂದಿನಿಂದ ಏನಾದರೂ ಬಂದಾಗಲೆಲ್ಲ ಅವನ ಎಡ ಭುಜ ತಟ್ಟುತ್ತಿದ್ದೆ. ಯಾಕೋ ಮುಟ್ಟುತ್ತಾನೇ ಇರ್ತೀಯ ಎಂದು ರೇಗಿದ, ಆದರೂ ಪ್ರತಿ ಸಲ ಸರಿದ.

ಪರೀಕ್ಷೆಯ ಕೋಣೆ ಎರಡನೇ ಮಹಡಿಯಲ್ಲಿತ್ತು. ಹೊರಗೆ ಉದ್ದ ಬೆಂಚು, ಅದರ ಮೇಲೆ ಆರು ಜನ. ಒಳಗೆ ಗಾಜಿನ ಗೂಡು. ಗೂಡಿನಲ್ಲಿ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಬೇಕು, ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮೊದಲು ನನ್ನದಾಯಿತು. ಏನೂ ತೊಂದರೆಯಿಲ್ಲ ಎಂದಳು ಪರೀಕ್ಷೆ ಮಾಡುವಾಕೆ. ಅಣ್ಣನನ್ನು ಒಳಗೆ ಕಳಿಸುವುದು ಹೇಗೆಂದು ನಾನು ಬಗೆಬಗೆಯ ಉಪಾಯ ಹೂಡಿಕೊಂಡು ಬಂದಿದ್ದೆ. ಒಂದೂ ಬೇಕಾಗಲಿಲ್ಲ. ಸರಿಯಾದ ಕಿವಿ ಎಂದರೆ ಹೇಗಿರುತ್ತದೆಂದು ಇವನಿಗೂ ತೋರಿಸಿ ಎಂದು ಅವನೇ ಎದ್ದು ಗೂಡಿಗೆ ಹೋಗಿ ಕೂತ.

ಕಣ್ಣು ಮುಚ್ಚಿದ. ಗಿರಾಕಿಗಳ ಎದುರಿಗೆ ಕೂರುವ ಅದೇ ಮುಖ. ನಾನು ಆಕೆಯ ಬೆನ್ನ ಹಿಂದೆ ನಿಂತಿದ್ದೆ. ಅಣ್ಣ ಗುಂಡಿ ಒತ್ತಿದ. ಸ್ವಲ್ಪ ಬಿಟ್ಟು ಮತ್ತೆ ಒತ್ತಿದ, ಮತ್ತೆ ಒತ್ತಿದ, ಒಂದೇ ಸಮನೆ, ಚೆನ್ನಾಗಿ ಟ್ಯೂನಾದ ಎಂಜಿನ್ನಿನ ಹಾಗೆ. ನನಗೆ ಹೋದ ಜೀವ ಬಂದಂತಾಯಿತು. ಚೀಟಿ, ಲಾರಿ, ಹಾಸಿಗೆ, ಎಲ್ಲ ನನ್ನದೇ ತಲೆಹರಟೆ ಅಂದುಕೊಂಡೆ. ಎಲ್ಲ ಕೇಳಿಸುತ್ತಿದೆಯಲ್ಲ ಎಂದು ಆಕೆಯನ್ನು ಕೇಳಿದೆ.

"ನಾನಿನ್ನೂ ಶುರು ಮಾಡೇ ಇಲ್ಲ" ಎಂದಳು.

ಆಮೇಲೆ ಶುರು ಮಾಡಿದಳು. ಅಣ್ಣ ತನ್ನ ಲೆಕ್ಕದಲ್ಲೇ ಒತ್ತುತ್ತಿದ್ದ. ಆಕೆ ಸದ್ದು ನಿಲ್ಲಿಸಿದಾಗಲೂ ಒತ್ತುತ್ತಿದ್ದ. ನಡುವೆ ಒಮ್ಮೆ ಒಂದು ಕಣ್ಣನ್ನು ಅರೆ ತೆರೆದು ಆಕೆಯ ಬೆರಳುಗಳನ್ನು ನೋಡಿ, ಮತ್ತೆ ಮುಚ್ಚಿದ. ಅಣ್ಣನಿಗೆ ಎಲ್ಲ ಗೊತ್ತಿತ್ತು. ನಾನು ಇಷ್ಟು ವರ್ಷ ಸೊಕ್ಕು ಅಂದುಕೊಂಡಿದ್ದು ಬರೀ ಹೆದರಿಕೆ. ಅವನನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿದೆ.

ಮುಗಿದ ಮೇಲೆ ಆಕೆ ನನಗೊಂದು ಕಾಗದ ತೋರಿಸಿದಳು. ಕೆಳಗಿನ ದಪ್ಪ ಸದ್ದುಗಳು ಅಷ್ಟಿಷ್ಟು ಉಳಿದಿವೆ, ಮೇಲಿನವು ಹೋಗಿವೆ, ಯಂತ್ರ ಹಾಕಿದರೆ ಮಾತು ತಕ್ಕಮಟ್ಟಿಗೆ ಕೇಳಬಹುದು, ರಸ್ತೆಯಲ್ಲಿ ಮಾತ್ರ ಗಾಡಿ ಓಡಿಸುವುದು ಬೇಡ ಎಂದಳು. ಅಣ್ಣ ಆಗಲೇ ಹೊರಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಎಷ್ಟು ಮಾರ್ಕ್ಸ್ ಬಂತು?" ಎಂದು ಕೇಳಿದ.

ಕೇಳಿಸುತ್ತಿಲ್ಲ ಅಣ್ಣ ಎಂದು ಮೆಲ್ಲಗೆ ಹೇಳಿದೆ. ಏನು ಎಂದು ಕಿವಿ ಹತ್ತಿರ ತಂದ. ಮತ್ತೆ ಹೇಳಿದೆ. ಮತ್ತೆ ಏನು ಎಂದ. ನನ್ನ ಜನ್ಮದಲ್ಲಿ ನಾನು ಕೂಗಿದವನಲ್ಲ. ಆಗ ಕೂಗಿದೆ.

"ಅಣ್ಣಾ, ನಿನಗೆ ಕಿವಿ ಕೇಳ್ತಾ ಇಲ್ಲ. ಇನ್ಮೇಲೆ ರೋಡಿಗೆ ಗಾಡಿ ತೆಗೀಬೇಡ. ನೀನು ಸತ್ತು ಹೋಗ್ತೀಯ ಅಂತ ನನಗೆ ಭಯ ಆಗುತ್ತೆ."

ಬೆಂಚಿನ ಮೇಲಿದ್ದ ಆರು ಜನವೂ ತಿರುಗಿದರು. ಆ ಕಡೆಯ ಬಾಗಿಲಿನಿಂದ ನರ್ಸೊಬ್ಬಳು ಇಣುಕಿದಳು. ಅಣ್ಣ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ತಲೆ ತಗ್ಗಿಸಿದ.

"ಮೆಲ್ಲಗೆ ಹೇಳೋ" ಎಂದ. "ಜನ ಇದಾರೆ."

ಇಬ್ಬರೂ ಮೆಟ್ಟಿಲಿಳಿದು ಬಂದೆವು. ಗಾಡಿಯ ಹತ್ತಿರ ಬಂದ ಮೇಲೆ ಅವನು ಜೇಬಿನಿಂದ ಕೀ ತೆಗೆದು ನನ್ನ ಕೈಗಿಟ್ಟ. ನಾನು ಮುಂದೆ ಕೂತೆ. ಅಣ್ಣ ಹುಟ್ಟಿದಾಗಿನಿಂದ ಯಾರ ಹಿಂದೆಯೂ ಕೂತವನಲ್ಲ. ಕಾಲಿಡುವ ಕಡ್ಡಿ ಮಡಚಿಕೊಂಡಿತ್ತು, ಪಾದ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ತಡಕಾಡಿದ. ನಾನು ಇಳಿದು, ಬಗ್ಗಿ, ಎರಡೂ ಕಡೆ ಬಿಡಿಸಿ ಕೊಟ್ಟೆ.